ಕಥೆಯಲ್ಲಿ ಸತ್ತವಳು

"'ಅವಳು ಒಗೆಯುವ ಕಲ್ಲಿನ ಮೇಲೆ ಚಪ್ಪಲಿ ಬಿಟ್ಟಳು. ಒಂದರ ಪಕ್ಕ ಒಂದು, ತುದಿ ನೀರಿನ ಕಡೆಗೆ.'" ಇಷ್ಟು ಓದಿ ಹುಯ್‌ಚಿನ್ ಪುಸ್ತಕದಿಂದ ತಲೆ ಎತ್ತಿದಳು. ಗೋಡೆಯ ಮೇಲಿದ್ದ ಕ್ಯಾಲೆಂಡರನ್ನೇ ತರಗತಿಯೆಂದುಕೊಂಡು ಕೇಳಿದಳು, "ಹೇಳಿ ಮಕ್ಕಳೇ, ಸಾಯೋಕೆ ಹೊರಟವಳು ಚಪ್ಪಲಿ ಯಾಕೆ ಬಿಟ್ಟಳು?"

ಅಡುಗೆಮನೆಯ ಹೊಸ್ತಿಲ ಬಳಿ ಮಣೆ ಹಾಕಿಕೊಂಡು ಮೂಲಂಗಿ ಹೆಚ್ಚುತ್ತಿದ್ದ ಯೂಜೆನ್ ಕೈ ನಿಲ್ಲಿಸಲಿಲ್ಲ. ಎಪ್ಪತ್ತೈದು ವರ್ಷದ ಆಕೆ ತಾನು ಸಾಯುವುದನ್ನು ಒಂದು ವಾರದಲ್ಲಿ ಕೇಳಿಸಿಕೊಳ್ಳುತ್ತಿದ್ದದ್ದು ಇದು ಐದನೆಯ ಸಲ.

"ಅತ್ತೆ, ಆಗಿನ ಕಾಲದಲ್ಲಿ ನೀರಿಗೆ ಬೀಳೋರು ನಿಜವಾಗ್ಲೂ ಚಪ್ಪಲಿ ಬಿಟ್ಟು ಹೋಗ್ತಿದ್ರಾ? ಯಾವ ಹುಡುಗನಾದ್ರೂ ಕೇಳಿದ್ರೆ ಏನು ಹೇಳ್ಲಿ?"

"ನಂಗೇನು ಗೊತ್ತು ತಾಯಿ. ನಾನೇನು ಬಿದ್ದಿದ್ನಾ?"

ಸೊಸೆ ನಕ್ಕಳು. ಯೂಜೆನ್ ಮಾತ್ರ ಬೇಕಾದ್ದಕ್ಕಿಂತ ಹೆಚ್ಚು ಮಾತಾಡಿಬಿಟ್ಟೆನೇನೋ ಎಂದು ಅಳುಕಿ, ಹೆಚ್ಚಿದ ಬಿಲ್ಲೆಗಳನ್ನೇ ಮತ್ತೆ ಸಣ್ಣಗೆ ಹೆಚ್ಚತೊಡಗಿದಳು.

ಯಾನ್ ಜೀಚು ಎಂಬ ಲೇಖಕನನ್ನು ಷಾಂಘೈಯಲ್ಲಿ ಗುಂಡಿಟ್ಟು ಕೊಂದು ಆ ನವೆಂಬರಿಗೆ ಐವತ್ತು ವರ್ಷ ತುಂಬುತ್ತಿತ್ತು. ಹಿಡಿದು ಕೊಂದ ಸರ್ಕಾರ ಹೋಗಿ, ಅವನನ್ನು ಹೊತ್ತು ಮೆರೆಸುವ ಸರ್ಕಾರ ಬಂದು ಮೂವತ್ತೆರಡು ವರ್ಷವಾಗಿತ್ತು. ಅವನು ಎರಡು ವರ್ಷ ಮೇಷ್ಟ್ರಾಗಿದ್ದನೆಂಬ ಒಂದೇ ಕಾರಣಕ್ಕೆ ಲುತಾಂಗ್ ಪಟ್ಟಣಕ್ಕೆ ಹೆಸರು ಬಂದಿತ್ತು. ಅವನು ಬಾಡಿಗೆಗಿದ್ದ ಮಹಡಿಯ ಕೋಣೆಗೆ ಸುಣ್ಣ ಬಳಿದಿದ್ದರು. ಸೇತುವೆಯ ಪಕ್ಕ ಅವನ ಪ್ರತಿಮೆಯನ್ನು ಗೋಣಿತಟ್ಟಿನಲ್ಲಿ ಸುತ್ತಿ ನಿಲ್ಲಿಸಿದ್ದರು. ಸೇತುವೆಯ ಕೆಳಗಿನ ಒಗೆಯುವ ಕಲ್ಲಿನ ಸುತ್ತ ಕಬ್ಬಿಣದ ಕಟಕಟೆ ಹಾಕಿ, ಇಲ್ಲಿ ಬಟ್ಟೆ ಒಗೆಯಬಾರದೆಂದು ಹಲಗೆ ನೆಟ್ಟಿದ್ದರು. ಅವನ ಕಥೆ 'ಒಗೆಯುವ ಕಲ್ಲು' ಐದನೆಯ ತರಗತಿಗೆ ಪಾಠವಾಗಿತ್ತು. ಗುರುವಾರ ಆ ಪಾಠವನ್ನು ಜಿಲ್ಲೆಯ ಅಧಿಕಾರಿಗಳೂ ಮೂವತ್ತು ಜನ ಉಪಾಧ್ಯಾಯರೂ ಕುಳಿತು ನೋಡುವಂತೆ ಮಾಡಿ ತೋರಿಸುವ ಜವಾಬ್ದಾರಿ ಹುಯ್‌ಚಿನ್‌ಳ ಮೇಲೆ ಬಿದ್ದಿತ್ತು.

ಆ ಕಥೆಯ ಅಗಸಗಿತ್ತಿ ಯೂಜೆನ್ನೇ. ಅದು ಯಾರಿಗೂ ಗೊತ್ತಿರಲಿಲ್ಲ.

ಆಗ ಅವಳ ಹೆಸರು ಅಲಿಯೆನ್. ವಯಸ್ಸು ಇಪ್ಪತ್ತೆರಡು. ಗಂಡನನ್ನು ಯಾವುದೋ ದಂಡಿನವರು ಮೂಟೆ ಹೊರಲು ಹಿಡಿದುಕೊಂಡು ಹೋಗಿದ್ದರು; ಅವನು ತಿರುಗಿ ಬರಲಿಲ್ಲ. ಮನೆಯಲ್ಲಿ ಉಳಿದವರು ಅತ್ತೆ, ಅವಳು ಮತ್ತು ಎರಡೂವರೆ ವರ್ಷದ ಮಗಳು. ಅವಳು ಊರಿನ ಬಟ್ಟೆ ಒಗೆಯುತ್ತಿದ್ದಳು. ಆ ಚಳಿಗಾಲ ತಿನ್ನಲು ಏನೂ ಇಲ್ಲದೆ ಹೋದಾಗ ಅತ್ತೆ ಮಗುವನ್ನು ಅರ್ಧ ಮೂಟೆ ಅಕ್ಕಿಗೆ ಸುಣ್ಣ ಸಾಗಿಸುವ ದೋಣಿಯವರಿಗೆ ಕೊಡುವುದೆಂದು ಗೊತ್ತು ಮಾಡಿದಳು. ಮಗು ಹೋದ ಒಂದು ವಾರದ ಮೇಲೆ ಅಲಿಯೆನ್ ಯಾನ್ ಮೇಷ್ಟ್ರ ನಿಲುವಂಗಿ ಒಗೆಯುತ್ತಿದ್ದಳು. ಮೇಷ್ಟ್ರು ಕೆಮ್ಮುತ್ತಾ ಬಂದು ಮೆಟ್ಟಿಲ ಮೇಲೆ ಕುಳಿತು ಸಿಗರೇಟು ಹಚ್ಚಿ, "ಮಗು ಎಲ್ಲಮ್ಮ, ಕಾಣಿಸ್ತಾ ಇಲ್ಲ?" ಎಂದು ಕೇಳಿದರು. ಅವಳನ್ನು ಯಾರೂ ಏನೂ ಕೇಳದಿದ್ದ ಕಾಲದಲ್ಲಿ ಅವರೊಬ್ಬರು ಕೇಳುತ್ತಿದ್ದರು. ಅವಳು ಹೇಳಿದಳು. ಆದರೆ ನಡೆದದ್ದನ್ನು ನಡೆದಂತೆ ಹೇಳಲಿಲ್ಲ. ಅತ್ತೆ ತನ್ನ ತೋಳಿನಿಂದ ಮಗುವನ್ನು ಕಿತ್ತುಕೊಂಡು ಹೋದಳು ಎಂದು ಹೇಳಿದಳು. ಕಥೆಯಲ್ಲೂ ಹಾಗೇ ಬಂತು.

ಆಮೇಲೆ ಅವಳು ಆ ಮನೆ ಬಿಟ್ಟು ಓಡಿಹೋದಳು. ಕಾಲುವೆಯಲ್ಲಿ ಸಿಕ್ಕ ಸುಣ್ಣದ ದೋಣಿಗಳನ್ನೆಲ್ಲ ಕೂಗಿ ವಿಚಾರಿಸುತ್ತಾ ನಡೆದಳು. ಯಾವ ದೋಣಿ, ಯಾವ ಊರು, ಏನೂ ಗೊತ್ತಿರಲಿಲ್ಲ. ಜ್ವರ ಬಂದು ದಂಡೆಯಲ್ಲಿ ಬಿದ್ದಿದ್ದವಳನ್ನು ಫಾಂಗ್ ಎಂಬ ಅಂಬಿಗ ಎತ್ತಿಕೊಂಡು ಹೋಗಿ ಗಂಜಿ ಕುಡಿಸಿದ. ಅವನನ್ನೇ ಮದುವೆಯಾಗಿ, ಯೂಜೆನ್ ಎಂದು ಹೆಸರು ಬದಲಾಯಿಸಿಕೊಂಡು ದೂರದ ಊರಿನಲ್ಲಿ ನೆಲೆನಿಂತಳು. ಫಾಂಗ್‌ಗೆ ಎಲ್ಲ ಗೊತ್ತಿತ್ತು. ಮೊದಲ ಕೆಲವು ವರ್ಷ ಅವನೂ ಹೋದಲ್ಲೆಲ್ಲ ಕೇಳಿಕೊಂಡು ಬರುತ್ತಿದ್ದ. ಆಮೇಲೆ ಯುದ್ಧ ಬಂತು, ಮಗ ಬೋಗೆನ್ ಹುಟ್ಟಿದ, ಕೇಳುವುದು ನಿಂತಿತು.

ತಾನು ಸತ್ತಿದ್ದೇನೆಂದು ಅವಳಿಗೆ ತಿಳಿದದ್ದು ಹೊಸ ಸರ್ಕಾರ ಬಂದ ಮೇಲೆ, ಹೆಂಗಸರಿಗೆ ಅಕ್ಷರ ಕಲಿಸುವ ತರಗತಿಯಲ್ಲಿ. ಕಲಿಸುತ್ತಿದ್ದ ಹುಡುಗಿ ಒಂದು ಸಂಜೆ ಆ ಕಥೆಯನ್ನು ಓದಿ ಹೇಳಿದಳು. ಹೆಂಗಸರೆಲ್ಲ ಅತ್ತರು. ಪಕ್ಕದ ಮನೆಯಾಕೆ ಯೂಜೆನ್‌ಳ ಕೈ ಹಿಡಿದುಕೊಂಡೇ ಅತ್ತಳು. ಯೂಜೆನ್‌ಳೂ ಅತ್ತದ್ದರಿಂದ ಯಾರಿಗೂ ಏನೂ ಅನ್ನಿಸಲಿಲ್ಲ. ಮಾರನೆಯ ದಿನದಿಂದ ಅವಳು ತರಗತಿಗೆ ಹೋಗಲಿಲ್ಲ. ಅಕ್ಷರ ಕಲಿಯಲೇ ಇಲ್ಲ. ಮೇಷ್ಟ್ರ ಮೇಲೆ ಅವಳಿಗೊಂದು ಸಿಟ್ಟು ಉಳಿದುಕೊಂಡಿತು. ಅಷ್ಟು ಕೇಳಿಸಿಕೊಂಡವರು ಕೊನೆಗೆ ನನ್ನನ್ನೇಕೆ ಮುಳುಗಿಸಿದರು? ಬದುಕಿದವಳ ಕಥೆ ಯಾರಿಗೂ ಬೇಡವೇ?

ಹದಿನಾರು ವರ್ಷದ ಹಿಂದೆ ಬೋಗೆನ್‌ಗೆ ಲುತಾಂಗ್‌ನ ಪ್ರಯಾಣಿಕರ ಲಾಂಚಿಗೆ ವರ್ಗವಾದಾಗ ಅವಳು ಬರುವುದಿಲ್ಲವೆಂದು ಒಂದು ತಿಂಗಳು ಹಟ ಹಿಡಿದು ಕೊನೆಗೆ ಬಂದಿದ್ದಳು. ಬಂದು ನೋಡಿದರೆ ಹಳೆಯ ಮನೆ ಇದ್ದಲ್ಲಿ ದವಸದ ಗೋದಾಮು ಎದ್ದಿತ್ತು. ಗುರುತು ಹಿಡಿಯುವವರು ಯಾರೂ ಉಳಿದಿರಲಿಲ್ಲ. ಗಲಾಟೆಯ ವರ್ಷಗಳಲ್ಲಿ ಹುಡುಗರು ತೋಳಿಗೆ ಕೆಂಪು ಪಟ್ಟಿ ಕಟ್ಟಿಕೊಂಡು, ಯಾನ್ ಮೇಷ್ಟ್ರ ಸಾಲುಗಳನ್ನು ಕೂಗುತ್ತಾ, ಅವರ ಗೆಳೆಯರೇ ಆಗಿದ್ದ ಮುದುಕ ಗ್ರಂಥಪಾಲಕನನ್ನು ಬೀದಿಯಲ್ಲಿ ಎಳೆದಾಡಿದ್ದನ್ನೂ ಅವಳು ಕಿಟಕಿಯಿಂದ ನೋಡಿದ್ದಳು.

ಆ ಸೋಮವಾರ ಸಂಜೆ ಊಟದ ಹೊತ್ತಿಗೆ ಸಂಸ್ಕೃತಿ ಭವನದ ಮಾವ್ ಜಿಂಗ್‌ಷಿ ಬಂದ. ಇನ್ನೂ ಮೂವತ್ತೈದು ದಾಟದ, ಕನ್ನಡಕದ ಕಡ್ಡಿಗೆ ದಾರ ಸುತ್ತಿಕೊಂಡಿದ್ದ ಮನುಷ್ಯ. ಸ್ಮಾರಕದ ಕೆಲಸ ಹೊತ್ತುಕೊಂಡ ಮೇಲೆ ಅವನಿಗೆ ಊಟ ನಿದ್ದೆಯ ಪರಿವೆ ಇರಲಿಲ್ಲ. ಬೋಗೆನ್ ಬಲವಂತ ಮಾಡಿ ಅವನ ಬಟ್ಟಲಿಗೆ ಅನ್ನ ಹಾಕಿಸಿದ.

"ಟೀಚರ್, ಇದನ್ನ ನೋಡಿ" ಎಂದು ಮಾವ್ ಚೀಲದಿಂದ ಒಂದು ಹಾಳೆ ತೆಗೆದ. "ಯಾನ್ ಅವರ ದಿನಚರಿ ಸಿಕ್ಕಿದೆ. ಷಾಂಘೈನಲ್ಲಿ ಅವರ ಸ್ನೇಹಿತರ ಮನೇಲಿ ಇಷ್ಟು ವರ್ಷ ಅಕ್ಕಿ ಡಬ್ಬದ ತಳದಲ್ಲಿತ್ತಂತೆ. ಅಗಸಗಿತ್ತಿ ನಿಜವಾಗಿ ಇದ್ದೋಳು. ಹೆಸರು ಸಮೇತ ಬರೆದಿದ್ದಾರೆ. ಒಂದು ಪುಟ ನಕಲು ಮಾಡಿ ತಂದಿದ್ದೀನಿ, ಪಾಠಕ್ಕೆ ಬೇಕಾಗುತ್ತೆ."

ಹುಯ್‌ಚಿನ್ ಕೈ ಒರೆಸಿಕೊಂಡು ಹಾಳೆ ತೆಗೆದುಕೊಂಡು ಓದಿದಳು. "'ಬಟ್ಟೆ ಒಗೆಯುವ ಅಲಿಯೆನ್ ಹೋದ ವಾರ ತನ್ನ ಮಗುವಿನ ಸಂಗತಿ ಹೇಳಿದಳು. ಹೇಳುವಾಗಲೂ ಬಟ್ಟೆ ಬಡಿಯುವುದನ್ನು ನಿಲ್ಲಿಸಲಿಲ್ಲ.'" ಇಲ್ಲಿ ಅವಳು ಕೆಮ್ಮಿದಳು. ಒಂದು ಗುಟುಕು ನೀರು ಕುಡಿದು ಮುಂದುವರಿಸಿದಳು. "'ಮಗುವನ್ನು ಹುಡುಕಲು ಎರಡು ಸಲ ದೋಣಿಯಲ್ಲಿ ಹೋಗಿ ಬರಿಗೈಲಿ ಬಂದೆ. ನಾಳೆ ಮತ್ತೆ ಹೋಗುತ್ತೇನೆ. ಸುಣ್ಣದ ಗೂಡುಗಳಿರುವ ಒಂದು ಊರಿನ ಹೆಸರು...' ಇಲ್ಲಿಗೆ ನಿಂತಿದೆ."

"ಮುಂದಿನ ಪುಟ ಒದ್ದೆಯಾಗಿ ಶಾಯಿ ಹರಡಿದೆ. ಭೂತಗನ್ನಡಿ ಇಟ್ಕೊಂಡು ಓದ್ತಾ ಇದೀನಿ" ಎಂದ ಮಾವ್.

ಯೂಜೆನ್ ಊಟದ ಕಡ್ಡಿಗಳನ್ನು ಬಟ್ಟಲಿನ ಪಕ್ಕಕ್ಕೆ ಇಟ್ಟಳು. ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಮೇಷ್ಟ್ರು ಹುಡುಕಿದ್ದರು. ಒಂದಲ್ಲ, ಎರಡು ಸಲ. ಈ ಸಂಗತಿಯೇ ಅವಳಿಗೆ ಗೊತ್ತಿರಲಿಲ್ಲ.

"ಪಾಪ" ಎಂದಳು ಹುಯ್‌ಚಿನ್, ಹಾಳೆಯನ್ನು ನಾಲ್ಕು ಮಡಿಕೆ ಮಾಡುತ್ತಾ.

"ಎಂಥ ಪಾಪ?" ಬೋಗೆನ್ ಮೀನಿನ ಮುಳ್ಳು ಬಿಡಿಸುತ್ತಾ ಹೇಳಿದ. "ಪುಸ್ತಕದಲ್ಲಿ ಏನಾದ್ರೂ ಬರೀಲಿ. ಕಿತ್ಕೊಂಡ್ರಂತೆ, ಇವಳು ಬಿಟ್ಟಳಂತೆ. ಮಗು ಬಿಟ್ಟೋಳು ಮಗು ಬಿಟ್ಟೋಳೇ. ನಮ್ಮಮ್ಮ ಆಗಿದ್ರೆ ಕೊಟ್ಟಿರ್ತಿದ್ಲಾ? ಅಲ್ವೇನಮ್ಮ?"

"ಊಟ ಮಾಡು. ಆರಿಹೋಗುತ್ತೆ" ಎಂದಳು ಯೂಜೆನ್.

ಮಾರನೆಯ ದಿನ ಬೆಳಗ್ಗೆ ಮಗನೂ ಸೊಸೆಯೂ ಕೆಲಸಕ್ಕೆ ಹೋದ ಮೇಲೆ ಅವಳು ತಲೆ ಬಾಚಿಕೊಂಡು, ಒಳ್ಳೆಯ ಕೋಟು ಹಾಕಿಕೊಂಡು ಸಂಸ್ಕೃತಿ ಭವನಕ್ಕೆ ಹೋದಳು. ಬಾಗಿಲವರೆಗೆ ಹೋಗಿ ಎರಡು ಸಲ ಹಿಂದಕ್ಕೆ ಬಂದಳು. ತೋಫು ಅಂಗಡಿಯ ಮುಂದೆ ನಿಂತು ಕೊಳ್ಳಬೇಕಿಲ್ಲದ ತೋಫು ಕೊಂಡಳು. ಮೂರನೆಯ ಸಲ ಮಾವ್ ತಾನೇ ಅವಳನ್ನು ಕಿಟಕಿಯಿಂದ ನೋಡಿ ಹೊರಗೆ ಬಂದ.

"ಏನಜ್ಜಿ, ಟೀಚರ್ ಕಳಿಸಿದ್ರಾ?"

"ಹೂಂ" ಎಂದುಬಿಟ್ಟಳು. "ಆ ಪುಟ... ಓದೋಕಾಯ್ತಾ ಅಂತ ಕೇಳ್ಕೊಂಡು ಬಾ ಅಂದ್ಲು."

ಅವನು ಒಳಗೆ ಕರೆದು ಕುರ್ಚಿ ಹಾಕಿದ. ಮೇಜಿನ ತುಂಬ ಹಳೆಯ ಫೋಟೋಗಳು, ಅಂಟಿನ ಬಾಟಲಿ, ಒಡೆದ ಮಸಿಕುಡಿಕೆ. ಮೇಷ್ಟ್ರ ಒಂದು ಫೋಟೋ ಇತ್ತು. ಅದರಲ್ಲಿ ಅವರು ಅವಳ ಮಗನಿಗಿಂತ ಚಿಕ್ಕವರಾಗಿ ಕಾಣುತ್ತಿದ್ದರು.

"ಊರಿನ ಹೆಸರು ಸಿಕ್ತು. ಇನ್ನು ಸ್ವಲ್ಪ ಬಾಕಿ ಇದೆ" ಎಂದ ಮಾವ್, ಲೋಟಕ್ಕೆ ಚಹಾ ಬಗ್ಗಿಸುತ್ತಾ.

"ಮಗು ಸಿಕ್ಕಿತ್ತಾ?"

"ತಗೊಳ್ಳಿ, ಬಿಸಿ ಇದೆ."

ಅವಳು ಕೈ ಚಾಚಿದಳು. ಕೋಟಿನ ತೋಳು ಹಿಂದಕ್ಕೆ ಸರಿಯಿತು. ಮಾವ್ ಲೋಟವನ್ನು ಬಿಡಲಿಲ್ಲ. ಇಬ್ಬರ ಕೈಗಳೂ ಒಂದು ಕ್ಷಣ ಅದೇ ಲೋಟದ ಮೇಲಿದ್ದವು. ಅವನು ಅವಳ ಮಣಿಕಟ್ಟನ್ನೇ ನೋಡುತ್ತಿದ್ದ.

"ಅಜ್ಜಿ, ಇಲ್ಲಿ ಏನಾಗಿತ್ತು?"

"ಗೂಡು ಬೇಯಿಸೋ ರೇಷ್ಮೆ ಬಾಣಲೆ. ಚಿಕ್ಕವಳಿದ್ದಾಗ ಬಿಸಿನೀರು ಬಿದ್ದಿತ್ತು."

"ನೀವು ಹುಟ್ಟಿದ್ದು ಯಾವೂರು?" ಎಂದು ಕೇಳುತ್ತಾ ಅವನು ಪೆನ್ನು ಹುಡುಕಿದ. ಆ ದನಿಯಲ್ಲಿ ಕೆಡುಕೇನೂ ಇರಲಿಲ್ಲ, ಬಹಳ ಮೆಲುವಾಗಿಯೇ ಕೇಳಿದ್ದ. ಆದರೆ ಪೆನ್ನು ಕಂಡದ್ದೇ ಯೂಜೆನ್ ಕುರ್ಚಿಯ ಅಂಚಿಗೆ ಸರಿದಳು. ಒಲೆ ಮೇಲೆ ನೀರಿಟ್ಟು ಬಂದಿದ್ದೇನೆ ಎಂದು ಏನೋ ಗೊಣಗಿ ಎದ್ದಳು. ತೋಫುವನ್ನು ಅಲ್ಲೇ ಮರೆತು ಬಂದಳು.

ಬುಧವಾರ ಮಧ್ಯಾಹ್ನದವರೆಗೆ ಅವಳಿಗೆ ಕೂತಲ್ಲಿ ಕೂರಲಾಗಲಿಲ್ಲ. ಹೊರಗೆ ಸೈಕಲ್ಲು ನಿಂತ ಸದ್ದಾದರೂ ಒಳಗೆ ಹೋಗಿ ಅಕ್ಕಿ ಆರಿಸುವವಳಂತೆ ಮೊರ ಹಿಡಿದುಕೊಳ್ಳುತ್ತಿದ್ದಳು. ಸೊಸೆ ಸೋಮವಾರದಿಂದ ಬದಲಾಗಿದ್ದಳು. ಪಾಠ ಓದಿ ಅಭ್ಯಾಸ ಮಾಡುವುದನ್ನು ನಿಲ್ಲಿಸಿದ್ದಳು. ಮಾತಿಗೆ ಮಾತು ಕೊಡುತ್ತಿದ್ದಳು, ಆದರೆ ಕಣ್ಣು ಕೊಡುತ್ತಿರಲಿಲ್ಲ. ಬೆಳಗ್ಗೆ ಯೂಜೆನ್ ಒಗೆಯಲು ಎತ್ತಿಕೊಂಡ ಬಟ್ಟೆಯ ಬುಟ್ಟಿಯನ್ನು ಕೈಯಿಂದ ಕಿತ್ತುಕೊಂಡಂತೆ ತೆಗೆದುಕೊಂಡು ತಾನೇ ಒಗೆದು ಹಾಕಿದ್ದಳು. ಹೇಸಿಗೆಯೇ ಇರಬೇಕು, ಅಂದುಕೊಂಡಳು ಯೂಜೆನ್. ಇವಳಿಗೆ ಅನುಮಾನ ಬಂದಿದೆ. ಬೋಗೆನ್‌ಗೆ ಹೇಳುತ್ತಾಳೆ. ಅವನು ಮೀನಿನ ಮುಳ್ಳು ಬಿಡಿಸುತ್ತಾ ಹೇಳಿದ ಮಾತು ಕಿವಿಯಿಂದ ಹೋಗುತ್ತಿರಲಿಲ್ಲ.

ಮೂರು ಗಂಟೆಗೇ ಹುಯ್‌ಚಿನ್ ಶಾಲೆಯಿಂದ ಬಂದಳು. ಬಂದವಳು ಬಾಗಿಲಿಗೆ ಅಗಳಿ ಹಾಕಿ, ಅತ್ತೆಯ ಎದುರಿಗೆ ಸ್ಟೂಲ್ ಎಳೆದುಕೊಂಡು ಕುಳಿತಳು.

"ಮಾವ್ ಶಾಲೆಗೆ ಬಂದಿದ್ರು. ನೀವು ಭವನಕ್ಕೆ ಹೋಗಿದ್ರಂತೆ. ನಾನು ಕಳಿಸಿದೆ ಅಂದ್ರಂತೆ."

ಯೂಜೆನ್ ಮೊರವನ್ನು ಮಡಿಲಿಗೆ ಎಳೆದುಕೊಂಡಳು.

"ಅತ್ತೆ, ಸೋಮವಾರ ನಾನು ಓದುವಾಗ ಒಂದು ಸಾಲು ಬಿಟ್ಟೆ." ಹುಯ್‌ಚಿನ್ ಕೈಚೀಲದಿಂದ ಆ ಮಡಿಸಿದ ಹಾಳೆ ತೆಗೆದಳು, ಆದರೆ ಅದನ್ನು ನೋಡಿ ಓದಲಿಲ್ಲ, ಬಾಯಿಪಾಠವಾಗಿತ್ತು. "'ಅವಳ ಬಲ ಮಣಿಕಟ್ಟಿನ ಮೇಲೆ ಅವರೆ ಎಲೆಯಂಥ ಸುಟ್ಟ ಕಲೆ ಇದೆ. ರೇಷ್ಮೆ ಬಾಣಲೆಯದಂತೆ.' ಹದಿನೈದು ವರ್ಷದಿಂದ ನೀವು ನನಗೆ ಅನ್ನ ಬಡಿಸೋ ಕೈ ಅದು. ನೋಡದೆ ಇರ್ತೀನಾ?"

"ಅವತ್ತೇ ಗೊತ್ತಾಯ್ತಾ?"

"ಅವತ್ತೇ."

"ಬೋಗೆನ್‌ಗೆ..."

"ನಾನ್ಯಾಕೆ ಹೇಳ್ಲಿ? ಅದು ನೀವು ಹೇಳಬೇಕಾದ ಮಾತು." ಹುಯ್‌ಚಿನ್ ಹಾಳೆಯನ್ನು ಮತ್ತೆ ಮಡಿಸಿದಳು. "ನನ್ನ ಕಷ್ಟ ಬೇರೆ. ನಾಳೆ ಬೆಳಗ್ಗೆ ಐವತ್ತು ಮಕ್ಕಳ ಮುಂದೆ ನಿಮ್ಮನ್ನ ನೀರಿಗೆ ತಳ್ಳಬೇಕು ನಾನು. ಚಪ್ಪಲಿ ಯಾಕೆ ಬಿಟ್ಟಳು ಅಂತ ಕೇಳಬೇಕು. ಎರಡು ದಿನದಿಂದ ಪುಸ್ತಕ ಬಿಚ್ಚಕ್ಕೆ ಆಗ್ತಿಲ್ಲ."

ಒಲೆಯ ಮೇಲಿನ ಕೆಟಲು ಕುದಿಯಿತು. ಯಾರೂ ಎದ್ದು ತೆಗೆಯಲಿಲ್ಲ.

"ಅದರಲ್ಲಿ ಬರೆದಿದ್ದು ಸುಳ್ಳು" ಎಂದಳು ಯೂಜೆನ್ ಕೊನೆಗೆ. "ಅತ್ತೆ ಕಿತ್ಕೊಳ್ಳಲಿಲ್ಲ. ಮಗು ಬೇರೆ ಯಾರ ಹತ್ರಾನೂ ಹೋಗ್ತಿರಲಿಲ್ಲ, ಅಳ್ತಿತ್ತು. ಅತ್ತೆ ಎತ್ಕೊಂಡ್ರೆ ಒದೀತಿತ್ತು. ಆಮೇಲೆ ನಾನೇ ಎತ್ಕೊಂಡು ಹೋಗಿ ದೋಣಿಗೆ ಕೊಟ್ಟೆ. ನಾನು ಎತ್ಕೊಂಡಿದ್ದಕ್ಕೆ ನಗ್ತಾ ಹೋಯ್ತು. ಮೇಷ್ಟ್ರಿಗೆ ಅದನ್ನ ಹೇಳೋಕೆ ಬಾಯಿ ಬರಲಿಲ್ಲ. ದೇಶವೆಲ್ಲ ಅತ್ತಿದ್ದು ಆ ಸುಳ್ಳಿಗೆ."

ಹುಯ್‌ಚಿನ್ ಎದ್ದು ಕೆಟಲು ಇಳಿಸಿ ಬಂದಳು. ಆಮೇಲೆ ಇನ್ನೊಂದು ಹಾಳೆ ತೆಗೆದಳು. ಅದು ಅವಳದೇ ಅಕ್ಷರದಲ್ಲಿತ್ತು. ಅವಸರದಲ್ಲಿ ಬರೆದದ್ದು.

"ಮುಂದಿನ ಪುಟ. ಅವರ ಜೊತೆ ಭವನಕ್ಕೆ ಹೋಗಿ ಅಲ್ಲೇ ನಿಂತು ನಕಲು ಮಾಡ್ಕೊಂಡೆ. ಓದ್ಲಾ?"

ಯೂಜೆನ್ ತಲೆ ಆಡಿಸಿದಳು.

"'ಹದಿನೈದು ದಿನ ಊರು ಬಿಟ್ಟು ಅಲೆದ ಮೇಲೆ ಹುಯ್‌ತಾನ್‌ನಲ್ಲಿ ಮಗು ಸಿಕ್ಕಿತು. ಝೊಂಗ್ ಎಂಬುವರ ಮನೆ. ಕೆನ್ನೆ ತುಂಬಿಕೊಂಡಿದೆ. ಪೇರುಹಣ್ಣು ಕೊಟ್ಟೆ, ತೆಗೆದುಕೊಂಡು ನನ್ನ ಮುಖ ನೋಡದೆ ಓಡಿತು. ಮನೆಯಾಕೆ ಒಳ್ಳೆಯವಳು, ಆದರೆ ವಾಪಸು ಕೊಡಲು ಒಪ್ಪಲಿಲ್ಲ. ತಾಯಿ ಬಂದು ನೋಡಿಕೊಂಡು ಹೋಗಲಿ ಎಂದಳು. ಇಷ್ಟನ್ನಾದರೂ ಅಲಿಯೆನ್‌ಗೆ ತಲುಪಿಸಬೇಕೆಂದು ರಾತ್ರಿಯೇ ಹೊರಟು ಬಂದೆ. ಬಾಗಿಲಲ್ಲಿ ಅವಳ ಅತ್ತೆ ನಿಂತಿದ್ದಳು. ಅಲಿಯೆನ್ ಹೊಳೆಗೆ ಬಿದ್ದು ಹನ್ನೆರಡು ದಿನವಾಯಿತಂತೆ. ಸುದ್ದಿ ಕೈಯಲ್ಲಿಟ್ಟುಕೊಂಡು ಸೇತುವೆಯ ಮೇಲೆ ಬೆಳಗಿನವರೆಗೆ ನಿಂತಿದ್ದೆ. ಅದನ್ನು ಕೊಡಲು ಯಾರೂ ಇರಲಿಲ್ಲ.'"

ಯೂಜೆನ್ ಆ ಹಾಳೆಯನ್ನು ಕೈಗೆ ತೆಗೆದುಕೊಂಡಳು. ಓದಲು ಬಾರದಿದ್ದರೂ ಸಾಲುಗಳ ಮೇಲೆ ಬೆರಳಿಟ್ಟು ಕೆಳಗಿನವರೆಗೆ ಬಂದಳು. ಓಡಿಹೋದ ಸೊಸೆಗಿಂತ ಸತ್ತ ಸೊಸೆ ಮರ್ಯಾದೆಯೆಂದು ಅತ್ತೆ ಹಾಗೆ ಹೇಳಿದ್ದಾಳೆ. ಮೇಷ್ಟ್ರು ನಂಬಿದ್ದಾರೆ. ಇಪ್ಪತ್ತೆಂಟು ವರ್ಷ ಅವಳು ಆ ಮನುಷ್ಯನ ಮೇಲೆ ಸಿಟ್ಟು ಇಟ್ಟುಕೊಂಡಿದ್ದಳು.

"ಮಾವ್‌ಗೆ ಏನಂದೆ?"

"ಈ ಸೀಮೆಯ ಅರ್ಧಕ್ಕರ್ಧ ಮುದುಕಿಯರ ಕೈಯಲ್ಲಿ ರೇಷ್ಮೆ ಬಾಣಲೆಯ ಕಲೆ ಇದೆ ಅಂದೆ. ಅವರು ನಂಬಿದ ಹಾಗೆ ಕಾಣಲಿಲ್ಲ. ನಾಳೆ ಸಂಜೆ ಬರ್ತಾರೆ. ನೀವು ಹೌದು ಅಂದ್ರೆ ಪ್ರತಿಮೆಯ ಪಕ್ಕ ವೇದಿಕೆ ಮೇಲೆ ಕೂರಿಸ್ತಾರೆ, ಪತ್ರಿಕೆಯವರು ಬರ್ತಾರೆ. ಅಲ್ಲ ಅಂದ್ರೆ ಬಿಡ್ತಾರೆ, ಕೆಟ್ಟ ಮನುಷ್ಯ ಅಲ್ಲ. ಹೇಳೋದು ಬಿಡೋದು ನಿಮಗೆ ಬಿಟ್ಟಿದ್ದು." ಹುಯ್‌ಚಿನ್ ಅತ್ತೆಯ ಕೋಟಿನ ತೋಳನ್ನು ಎಳೆದು ಸರಿಮಾಡಿದಳು. "ಆದ್ರೆ ನಾಳೆ ಬೆಳಗ್ಗೆ ಇವರ ಲಾಂಚು ಹುಯ್‌ತಾನ್ ಮೇಲೇ ಹೋಗುತ್ತೆ. ಅಲ್ಲಿ ಸರಕು ಇಳಿಸೋಕೆ ಮುಕ್ಕಾಲು ಗಂಟೆ ನಿಲ್ಲುತ್ತೆ."

ಗುರುವಾರ ಬೆಳಗ್ಗೆ ಕಟ್ಟೆಯ ಮೇಲೆ ತಾಯಿಯನ್ನು ಕಂಡು ಬೋಗೆನ್‌ಗೆ ಆಶ್ಚರ್ಯವಾಯಿತು. "ಎಲ್ಲಿಗಮ್ಮ?" ಎಂದ. ಹುಯ್‌ತಾನ್‌ಗೆ ಎಂದಳು. ಅಲ್ಲಿ ಯಾರಿದಾರೆ ಎಂದ. ಹೇಳ್ತೀನಿ ಎಂದಳು. ಅವಳು ಪ್ರಯಾಣಿಕರ ಜೊತೆ ಮುಂದೆ ಕೂರದೆ ಹಿಂದೆ ಎಂಜಿನ್ನಿನ ಪಕ್ಕ, ಸುರುಳಿ ಸುತ್ತಿದ್ದ ಹಗ್ಗದ ಮೇಲೆ ಕುಳಿತಳು.

ಲಾಂಚು ಊರು ದಾಟಿ ದೊಡ್ಡ ಕಾಲುವೆಗೆ ಬಿತ್ತು. ಎರಡೂ ದಂಡೆಯಲ್ಲಿ ಎಲೆಯುದುರಿದ ಹಿಪ್ಪುನೇರಳೆ. ಶಾಲೆಯಲ್ಲಿ ಈಗ ಗಂಟೆ ಹೊಡೆದಿರುತ್ತದೆ ಎಂದುಕೊಂಡಳು. ಬೋಗೆನ್ ಎಣ್ಣೆಬಟ್ಟೆ ಹಿಡಿದು ಎಂಜಿನ್ನಿನ ಮುಂದೆ ಕುಕ್ಕರುಗಾಲಲ್ಲಿ ಕುಳಿತಿದ್ದ. ಅವಳು ಹೇಳತೊಡಗಿದಳು.

"ಏನು?" ಎಂದ ಬೋಗೆನ್. ಎಂಜಿನ್ನಿನ ಸದ್ದಿನಲ್ಲಿ ಏನೂ ಕೇಳಿಸಿರಲಿಲ್ಲ.

ಅವಳು ಮತ್ತೆ ಹೇಳಿದಳು. ಅವನು ಕಿವಿಯ ಹತ್ತಿರ ಕೈ ಹಿಡಿದ. ಐವತ್ತು ವರ್ಷ ಉಸಿರಿನಲ್ಲೂ ಹೊರಬಿಡದಿದ್ದ ಮಾತನ್ನು ಅವಳು ಕೂಗಿ ಹೇಳಬೇಕಾಯಿತು. "ನಿನಗೊಬ್ಬಳು ಅಕ್ಕ ಇದ್ದಳು. ಅವಳನ್ನ ನಾನು ಕೊಟ್ಟುಬಿಟ್ಟೆ. ಆ ಕಥೆಯಲ್ಲಿರೋಳು ನಾನು."

ಬೋಗೆನ್ ಅವಳ ಮುಖ ನೋಡಿದ. ಆಮೇಲೆ ಎಂಜಿನ್ನಿನ ಕಡೆ ತಿರುಗಿ ಒಂದೇ ಕೊಳವೆಯನ್ನು ಬಹಳ ಹೊತ್ತು ಒರೆಸಿದ. ಅವಳು ಮಿಕ್ಕದ್ದನ್ನೂ ಕೂಗಿಯೇ ಹೇಳಿದಳು, ದೋಣಿ, ಅಕ್ಕಿ, ಮೇಷ್ಟ್ರು, ಎಲ್ಲ. ಎದುರಿನಿಂದ ಬಂದ ಇಟ್ಟಿಗೆ ದೋಣಿಗೆ ದಾರಿ ಬಿಡಲು ಲಾಂಚು ನಿಧಾನವಾಯಿತು. ಸದ್ದು ಇಳಿದಾಗ ಅವನು ಕೇಳಿದ, "ಅಪ್ಪಂಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಮೊನ್ನೆ ಊಟಕ್ಕೆ ಕೂತಾಗ ನಾನು..."

"ನಿಂಗೆ ಗೊತ್ತಿರಲಿಲ್ಲ."

ಅವನು ಬಟ್ಟೆಯನ್ನು ಮಡಿಸಿ ಕೆಳಗಿಟ್ಟ. ಮತ್ತೆ ಎತ್ತಿಕೊಂಡ. ಅವನು ನನ್ನನ್ನು ಇಳಿಸಿ ಲಾಂಚಿನಲ್ಲೇ ಉಳಿದುಕೊಂಡರೆ ಏನು ಮಾಡುವುದೆಂದು ಅವಳು ದಾರಿಯುದ್ದಕ್ಕೂ ಯೋಚಿಸಿದಳು. ದಡ ಬಂದಾಗ ಬೋಗೆನ್ ಹಲಗೆ ಇಟ್ಟು, ಮೊದಲು ತಾನಿಳಿದು, ಅವಳಿಗೆ ಕೈ ಕೊಟ್ಟ.

ಝೊಂಗ್ ಮನೆಯನ್ನು ಟಿಕೆಟಿನವನು ತೋರಿಸಿದ. ಹಳೆಯ ಸುಣ್ಣದ ಗೂಡಿನ ಹಿಂದೆ, ಮೂರನೆಯ ಬಾಗಿಲು. ಅಂಗಳದಲ್ಲಿ ಸಾಸಿವೆ ಸೊಪ್ಪನ್ನು ರಾಶಿ ಹಾಕಿಕೊಂಡು ಒಬ್ಬ ಹೆಂಗಸು ಸೊಂಟದೆತ್ತರದ ಜಾಡಿಯಲ್ಲಿ ಉಪ್ಪು ತಿಕ್ಕಿ ತುಂಬುತ್ತಿದ್ದಳು. ಕಿವಿಯವರೆಗೆ ಕತ್ತರಿಸಿದ ನರೆಗೂದಲು, ಉಪ್ಪಿನಿಂದ ಕೆಂಪಾದ ಕೈ. ಬೋಗೆನ್ ಬೇಲಿಯ ಹತ್ತಿರವೇ ನಿಂತ.

"ಯಾರು ಬೇಕಾಗಿತ್ತು?" ಎಂದಳು ಆ ಹೆಂಗಸು.

ಯೂಜೆನ್ ದಾರಿಯಲ್ಲಿ ಜೋಡಿಸಿಕೊಂಡಿದ್ದ ಮಾತುಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ. ಅವಳ ಬಾಯಿಂದ ಬಂದದ್ದು ಒಂದು ಹೆಸರು. ಗೋಧಿ ಪೈರಿನ ತೆನೆ ಹಾಲುಗಟ್ಟುವ ದಿನ ಹುಟ್ಟಿದ ಮಗುವಿಗೆ ಆ ದಿನದ ಹೆಸರನ್ನೇ ಇಟ್ಟಿದ್ದಳು. "ಶಿಯಾವ್‌ಮಾನ್."

ಹೆಂಗಸಿನ ಕೈ ಜಾಡಿಯೊಳಗೇ ನಿಂತಿತು.

"ಆ ಹೆಸರು ಪುಸ್ತಕದಲ್ಲಿಲ್ಲ" ಎಂದಳು ನಿಧಾನವಾಗಿ.

"ಇಲ್ಲ."

"ಮಗನಿಗೆ ತಂದ್ಕೊಳ್ಳೋಕೆ ಅಂತ ಚಿಕ್ಕಂದಿನಿಂದ ನನ್ನ ಸಾಕಿದ ನಮ್ಮತ್ತೆ ಒಬ್ರೇ ಹಾಗೆ ಕರೀತಿದ್ದಿದ್ದು. ಅವರು ಹೋಗಿ ಇಪ್ಪತ್ತು ವರ್ಷ ಆಯ್ತು." ಅವಳು ಕೈ ಹೊರತೆಗೆದು ಏಪ್ರನ್ನಿಗೆ ಒರೆಸಿಕೊಂಡಳು. ಒಳಗಿನಿಂದ ಬೆಂಚು ತಂದಿಟ್ಟಳು. ಅದರ ಮೇಲಿನ ಎಲೆಗಳನ್ನು ಕೈಯಿಂದ ಕೆಳಕ್ಕೆ ತಳ್ಳಿದಳು. "ಕೂತ್ಕೊಳ್ಳಿ. ನಿಂತೇ ಇದೀರಲ್ಲ."

ಯೂಜೆನ್ ಕುಳಿತಳು.

"ನೀವು ಹೊಳೆಗೆ ಬಿದ್ದಿರಿ ಅಂತ ಆ ಮೇಷ್ಟ್ರು ನಮ್ಮತ್ತೆಗೆ ಹೇಳಿ ಕಳಿಸಿದ್ರಂತೆ. ನನ್ನ ಹುಡುಗರು ಶಾಲೇಲಿ ಓದ್ಕೊಂಡು ಬಂದು, ಅಮ್ಮ ಇದು ನಿಮ್ಮಮ್ಮನ ಕಥೆ ಅಲ್ವಾ ಅಂದ್ರು. ಪ್ರತಿ ವರ್ಷ ಹಿರಿಯರ ಹಬ್ಬದ ದಿನ ನೀರಿಗೆ ಒಂದು ಬಟ್ಟಲು ಅನ್ನ ಬಿಡ್ತಾ ಇದ್ದೆ."

"ನನಗಾ?"

"ಮತ್ಯಾರಿಗೆ?"

ಯೂಜೆನ್ ಕೋಟಿನ ಗುಂಡಿಯನ್ನು ಬಿಚ್ಚಿದಳು, ಮತ್ತೆ ಹಾಕಿದಳು. ಇದನ್ನು ಈಗಲೇ ಹೇಳದಿದ್ದರೆ ಇನ್ನೆಂದೂ ಹೇಳಲಾಗದೆಂದು ಅವಳಿಗೆ ಗೊತ್ತಿತ್ತು. "ಪುಸ್ತಕದಲ್ಲಿ ಕಿತ್ಕೊಂಡು ಹೋದ್ರು ಅಂತಿದೆ. ಹಾಗಲ್ಲ ಮಗಳೇ. ನಾನೇ ಎತ್ತಿ ಕೊಟ್ಟೆ."

"ಗೊತ್ತು" ಎಂದಳು ಶಿಯಾವ್‌ಮಾನ್. ಒಂದು ಸೊಪ್ಪಿನ ಕಟ್ಟನ್ನು ಕೈಗೆತ್ತಿಕೊಂಡು ಹಳದಿ ಎಲೆಗಳನ್ನು ಕೀಳತೊಡಗಿದಳು. "ದೋಣೀಲಿ ನನ್ನ ಇಸ್ಕೊಂಡೋರು ನಮ್ಮತ್ತೆ ತಾನೆ? ಸಾಯೋಕೆ ಮುಂಚೆ ಎಲ್ಲ ಹೇಳಿದ್ರು. ಅವತ್ತು ಗಾಳಿ ಇತ್ತಂತೆ. ನೀವು ಸೊಂಟಕ್ಕೆ ಸುತ್ಕೊಂಡಿದ್ದ ಮೇಲ್ಬಟ್ಟೆ ಬಿಚ್ಚಿ ನನ್ನ ತಲೆಗೆ ಸುತ್ತಿ ಕೊಟ್ರಂತೆ."

ಯೂಜೆನ್ ನೆನಪು ಮಾಡಿಕೊಳ್ಳಲು ನೋಡಿದಳು. ಮಗುವಿನ ನಗು ನೆನಪಿತ್ತು. ದೋಣಿಯ ಅಂಚಿನ ಬಿಳಿ ಪುಡಿ ನೆನಪಿತ್ತು. ಬಟ್ಟೆ ನೆನಪಿರಲಿಲ್ಲ.

"ಯಾವ ಬಣ್ಣದ್ದು?"

"ನೀಲಿ. ನನ್ನ ಎರಡು ಮಕ್ಕಳನ್ನೂ ಅದರಲ್ಲೇ ಕಟ್ಕೊಂಡು ಬೆಳೆಸಿದೆ. ಆಮೇಲೆ ಹರಿದುಹೋಯ್ತು, ಒಲೆ ಒರೆಸೋಕೆ ಇಟ್ಕೊಂಡಿದ್ದೆ." ಅವಳು ತಲೆ ಎತ್ತಿ ಬೇಲಿಯ ಕಡೆ ನೋಡಿದಳು. "ಅವರು ಯಾರು? ಅಲ್ಲೇ ನಿಂತಿದ್ದಾರಲ್ಲ."

"ನನ್ನ ಮಗ. ಲಾಂಚಿನಲ್ಲಿ ಕೆಲಸ."

ಬೋಗೆನ್ ಎಣ್ಣೆ ಮೆತ್ತಿದ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಮೈಯಿಂದ ದೂರ ಹಿಡಿದುಕೊಂಡು ಒಳಗೆ ಬಂದ. ಶಿಯಾವ್‌ಮಾನ್ ಅವನನ್ನು ಮೇಲಿಂದ ಕೆಳಗೆ ನೋಡಿದಳು. ಎದ್ದು ಹೋಗಿ ಹಂಡೆಯಿಂದ ಒಂದು ಚಿಪ್ಪು ಬಿಸಿನೀರು ತಂದಳು. ಅವನು ಬಗ್ಗಿ ಕೈಗಳನ್ನು ಒಡ್ಡಿದ. ಅವಳು ನೀರನ್ನು ಸಣ್ಣಗೆ, ದಾರದಂತೆ ಬಿಟ್ಟಳು. ಕಪ್ಪು ನೀರು ಅವನ ಬೆರಳುಗಳಿಂದ ಇಳಿದು, ಅಂಗಳದ ಇಟ್ಟಿಗೆಗಳ ಸಂದಿನಲ್ಲಿ ಹರಿದು, ಉದುರಿದ ಹಳದಿ ಎಲೆಗಳ ಕೆಳಗೆ ಹೋಯಿತು. ಕಟ್ಟೆಯ ಕಡೆಯಿಂದ ಲಾಂಚಿನ ಮೊದಲ ಸಿಳ್ಳು ಕೇಳಿಸಿತು. ಬೋಗೆನ್ ಕೈ ತೊಳೆಯುತ್ತಲೇ ಇದ್ದ. ಶಿಯಾವ್‌ಮಾನ್ ಇನ್ನೊಂದು ಚಿಪ್ಪು ನೀರು ತಂದಳು.